ಗೋಡೆಯ ಮೇಲೆ ಬಾರದ ಮಾತು

ವಿಜಯಪುರ
ಎರಡನೆಯ ಬೇಸಿಗೆಯ ನಡುವಾರ, ೨೧೮೭

ಪೂಜ್ಯ ಶಿವಲೀಲವ್ವ ಕನ್ನೊಳ್ಳಿ ಅವರಿಗೆ ಮೆಹರುನ್ನಿಸಾ ಬಾಗವಾನಳ ಶರಣು ಮತ್ತು ಸಲಾಮು.

ಮೇಲಿನ ತಾರೀಖು ನೋಡಿ, ಯಾರೋ ಓಣಿಯ ಹುಡುಗರು ಚೇಷ್ಟೆ ಮಾಡಿದ್ದಾರೆಂದು ಈ ಕಾಗದವನ್ನು ಒಲೆಗೆ ಹಾಕಬೇಡಿ. ತಾರೀಖು ಸರಿಯಾಗಿಯೇ ಇದೆ. ನಮ್ಮ ಕಾಲದಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಮಳೆಗೆ ಮುಂಚೆ ಬರುವುದು ಮೊದಲನೆಯದು. ಚಳಿಗಾಲ ಇರಬೇಕಾದ ಜಾಗದಲ್ಲಿ ಕಾಲು ಚಾಚಿ ಕೂತಿರುವುದು ಎರಡನೆಯದು. ನನ್ನ ಕನ್ನಡವೂ ನಿಮ್ಮ ಕಿವಿಗೆ ಸ್ವಲ್ಪ ಸೊಟ್ಟಗೆ ಕೇಳಬಹುದು. ನಿಮ್ಮ ಕಾಲದ ಬರಹವನ್ನು ಕಲಿತು, ಪಂಡಿತರಿಗೆ ತೋರಿಸಿ, ತಿದ್ದಿಸಿಕೊಂಡು ಬರೆಯುತ್ತಿದ್ದೇನೆ. ಅವರು ತಿದ್ದಿದ ಕೆಲವು ಕಡೆ ಇನ್ನೂ ಕೆಟ್ಟಿದೆ ಎಂಬ ಗುಮಾನಿ ನನಗಿದೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ನಿಮ್ಮ ರಕ್ತಸಂಬಂಧಿಯಲ್ಲ. ನೀವು ಹಿತ್ತಿಲ ತಗಡಿನ ಕೆಳಗೆ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಶುರುಮಾಡಿದ ರೊಟ್ಟಿ ಕೇಂದ್ರದ ಈಗಿನ ಹಿರೇಕೈ. ನಿಮ್ಮ ಕಾಲದಲ್ಲಿ ಮ್ಯಾನೇಜರ್ ಎನ್ನುತ್ತಿದ್ದರಂತೆ. ನಾವು ಹಿರೇಕೈ ಎನ್ನುತ್ತೇವೆ, ಏಕೆಂದರೆ ರೊಟ್ಟಿ ತಟ್ಟಲು ಬಾರದವರು ಆ ಜಾಗದಲ್ಲಿ ಕೂರುವಂತಿಲ್ಲ. ಹೌದು ಅವ್ವ, ನಿಮ್ಮ ಕೇಂದ್ರ ಇನ್ನೂ ಇದೆ. ಇದನ್ನು ಮೊದಲೇ ಹೇಳಬೇಕಿತ್ತು, ನೀವು ಒಂದು ಲೋಟ ನೀರು ಕುಡಿದು ಮುಂದೆ ಓದಿ.

ಈ ಕಾಗದ ನಿಮ್ಮ ಹಿಟ್ಟಿನ ಡಬ್ಬಿಯ ಮೇಲೆ ಹೇಗೆ ಬಂತು ಎಂಬುದನ್ನು ನನಗೂ ಪೂರ್ತಿ ವಿವರಿಸಲಾಗದು. ಇದಕ್ಕೆ ಹಿನ್ನಂಚೆ ಎನ್ನುತ್ತಾರೆ, ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಬಹುಕಾಲ ಬಾಳಿದ ಉದ್ಯಮಗಳಿಗೆ ತಮ್ಮನ್ನು ಕಟ್ಟಿದವರಿಗೆ ಒಂದೇ ಒಂದು ಕಾಗದ ಕಳಿಸುವ ಹಕ್ಕಿದೆ. ಯಾರ ಹುಟ್ಟು ಸಾವನ್ನೂ ಹೇಳಬಾರದು, ಯಾವ ಜಮೀನಿಗೆ ಬೆಲೆ ಬರುತ್ತದೆ ಎಂದು ಹೇಳಬಾರದು, ಸ್ವಂತ ಕಸುಬಿನ ವಿಷಯ ಮಾತ್ರ ಬರೆಯಬೇಕು. ಈ ಒಂದು ಕಾಗದದಲ್ಲಿ ಏನು ಕೇಳಬೇಕೆಂದು ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. ನಿಮ್ಮ ಶೇಂಗಾ ಚಟ್ನಿಯ ಹದ ಕೇಳೋಣ ಎಂದವರೇ ಹೆಚ್ಚು. ಅದು ಇವತ್ತಿಗೂ ನಿಮ್ಮ ಕೈಯಷ್ಟು ಆಗಿಲ್ಲವೆಂದು ಎಲ್ಲರೂ ನಂಬಿದ್ದಾರೆ, ನಿಮ್ಮ ಕೈಚಟ್ನಿ ತಿಂದವರು ಒಬ್ಬರೂ ಬದುಕಿಲ್ಲದಿದ್ದರೂ.

ನಮ್ಮ ದಿನಗಳು ಹೇಗಿವೆ ಎಂದು ಸ್ವಲ್ಪ ಹೇಳುತ್ತೇನೆ. ಮಧ್ಯಾಹ್ನದ ನಾಲ್ಕೈದು ತಾಸಿಗೆ ಒಳಹೊತ್ತು ಎಂದು ಹೆಸರು. ಆಗ ಬಿಸಿಲಿಗೆ ಹೊರಬರುವುದನ್ನು ಕಾನೂನು ತಡೆಯುತ್ತದೆ. ನಾಯಿಗಳು ಕೂಡ ಕಾನೂನು ಓದಿದವರ ಹಾಗೆ ಕಟ್ಟೆಯ ಕೆಳಗೆ ಸೇರುತ್ತವೆ. ಪೇಟೆಯ ರಸ್ತೆಗಳ ಮೇಲೆಲ್ಲ ಚಪ್ಪರ ಹಾಕಿ ನೆರಳುಬೀದಿ ಮಾಡಿದ್ದಾರೆ. ಗೋಳಗುಮ್ಮಟ ಮಾತ್ರ ಬಿಸಿಲಿಗೆ ಜಗ್ಗದೆ ನಿಂತಿದೆ. ಎರಡನೆಯ ಬೇಸಿಗೆಯಲ್ಲಿ ಮನೆಗಳಲ್ಲಿ ಒಲೆ ಹಚ್ಚುವಂತಿಲ್ಲ, ಮನೆ ಮತ್ತಷ್ಟು ಕಾಯುತ್ತದೆಂದು. ಅದಕ್ಕೆ ಒಲೆಬಿಡುವು ಎನ್ನುತ್ತೇವೆ. ಆ ದಿನಗಳಲ್ಲಿ ಊರಿಗೆ ಊರೇ ನಮ್ಮ ಖಡಕ್ ರೊಟ್ಟಿ, ಮೊಸರು, ಪುಂಡಿಪಲ್ಯದ ಮೇಲೆ ಬದುಕುತ್ತದೆ. ತಿಂಗಳುಗಟ್ಟಲೆ ಕೆಡದ ರೊಟ್ಟಿಯನ್ನು ನಂಬಿದವರಿಗೆ ಅನ್ನ ತಪ್ಪುವುದಿಲ್ಲ ಎಂದು ನೀವು ಹೇಳುತ್ತಿದ್ದಿರಂತೆ. ನೀವು ಇಷ್ಟು ದೂರ ನೋಡಿ ಹೇಳಿದ್ದಲ್ಲ, ಗೊತ್ತು. ಆದರೂ ನಮ್ಮ ಮಕ್ಕಳು ನಿಮ್ಮನ್ನು ಜ್ಯೋತಿಷಿಯೆಂದೇ ತಿಳಿದಿದ್ದಾರೆ.

ನೀವು ಹಾಕಿಕೊಟ್ಟ ದಾರಿಯಲ್ಲಿ ನಮ್ಮನ್ನು ಕಾಪಾಡಿದ್ದು ಇನ್ನೊಂದಿದೆ, ನಿಮಗೆ ಅದು ಇನ್ನೂ ಮುಂದೆ ಬರುವ ಮಾತಿರಬಹುದು. ಕೇಂದ್ರ ಬೆಳೆಯಬೇಕೆಂದಾಗ, ಒಂದೇ ಸಲ ಇಪ್ಪತ್ತು ಊರುಗಳಲ್ಲಿ ಅಂಗಡಿ ತೆರೆಯಿರಿ ಎಂದವರ ಮಾತು ನೀವು ಕೇಳಲಿಲ್ಲ. ಹಾಲಿಗೆ ಹೆಪ್ಪು ಹಾಕುವ ಹಾಗೆ, ಹೊಸ ಊರಿಗೆ ಇಲ್ಲಿಯ ಒಬ್ಬ ಹೆಣ್ಣುಮಗಳು ಹೋಗಿ ಒಂದು ವರ್ಷ ಇದ್ದು, ಅಲ್ಲಿಯವರಿಗೆ ಕಲಿಸಿ, ಅವರನ್ನೇ ಪಾಲುದಾರರನ್ನಾಗಿ ಮಾಡಿ ಬರಬೇಕು ಎಂದಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚಿದ ಈ ಬೆಳವಣಿಗೆ ನೋಡಿ ಬಹಳ ಜನ ನಕ್ಕರು. ನಕ್ಕವರ ಅಂಗಡಿಗಳ ಹೆಸರು ಈಗ ನೆನಪಿಲ್ಲ. ನಮ್ಮ ಹೆಂಚುಗಳು ಬೀದರಿನಿಂದ ಬಳ್ಳಾರಿಯ ತನಕ ಕಾಯುತ್ತಿವೆ. ಇದಕ್ಕೆ ನಿಮಗೆ ಎಷ್ಟು ಕೈಮುಗಿದರೂ ಸಾಲದು.

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಾಲದ ನಾಳೆ, ಕೇಂದ್ರಕ್ಕೆ ತರಬೇತಿ ಕೊಡುವ ಮೇಡಂ ಬರುವವರಿದ್ದಾರೆ. ಕೇಂದ್ರದ ದೂರದೃಷ್ಟಿಯನ್ನು ಒಂದು ಹಾಳೆಯಲ್ಲಿ ಬರೆದಿಡಿ ಎಂದು ಅವರು ಹೇಳಿ ಹೋಗಿದ್ದಾರೆ, ಮತ್ತು ನಿಮ್ಮ ಸೊಸೆ ಜಯಶೀಲಾ ಅದನ್ನು ಈಗಷ್ಟೇ ಬರೆದು ಮುಗಿಸಿದ್ದಾಳೆ. ಆ ಹಾಳೆಯ ಮಾತು ಮುಂದೆ ಗೋಡೆಯ ಮೇಲೆ ಬಣ್ಣದಲ್ಲಿ ಬಂತು, ಆಮೇಲೆ ಕಲ್ಲಿನಲ್ಲಿ ಬಂತು. ‘ರೊಟ್ಟಿ ಕೈಯಿಂದಲೇ ತಟ್ಟಬೇಕು. ಯಂತ್ರ ಒಳಗೆ ಬಂದ ದಿನ ಬಾಗಿಲು ಹಾಕಬೇಕು.’ ಇದು ನಮ್ಮ ನಿಯಮಗಳಲ್ಲಿ ಮೊದಲನೆಯದು. ಹೊಸದಾಗಿ ಸೇರುವ ಪ್ರತಿಯೊಬ್ಬಳೂ ಅಂಗೈಗೆ ಹಿಟ್ಟು ಹಚ್ಚಿಕೊಂಡು ಆ ಗೋಡೆಯ ಮುಂದೆ ನಿಂತು ಈ ಮಾತನ್ನು ಹೇಳಬೇಕು. ನಾನೂ ಹೇಳಿದ್ದೇನೆ, ಹೇಳುವಾಗ ಕಣ್ಣು ತುಂಬಿಕೊಂಡಿದ್ದೆ.

ಆ ಮಾತನ್ನು ಕಾಯಲು ನಾವು ಪಟ್ಟ ಪಾಡು ಕೇಳಿದರೆ ನಿಮಗೆ ನಗು ಬರುತ್ತದೆ. ಲಟ್ಟಣಿಗೆ ಯಂತ್ರವೋ ಅಲ್ಲವೋ ಎಂಬುದರ ಮೇಲೆ ಒಂದು ಮಹಾಸಭೆ ಪೂರ್ತಿ ಕಳೆದುಹೋಯಿತು. ಗಾಲಿಯಿದ್ದ ಮಣೆಯ ಮೇಲೆ ಕೂತವಳಿಗೆ ನೋಟಿಸು ಕೊಟ್ಟ ಹಿರೇಕೈಯೊಬ್ಬರಿದ್ದರು. ಹಾಗೆ ನೋಡಿದರೆ ಹೆಂಚೂ ಯಂತ್ರವೇ ಎಂದು ವಾದಿಸಿದವರೊಬ್ಬರು ಆಮೇಲೆ ಊರು ಬಿಟ್ಟರು. ಅಪ್ಪ ನೆಟ್ಟ ಆಲದ ಮರ ಎನ್ನುತ್ತಾರಲ್ಲ, ನಮ್ಮದು ಅವ್ವ ನೆಟ್ಟದ್ದು, ಜೋತುಬಿದ್ದಿದ್ದೇವೆ.

ನಗುವುದಕ್ಕೆ ಆಗದ ಭಾಗ ಇನ್ನು ಮುಂದಿನದು. ನಿಮ್ಮ ಹಿಂಗಾರಿ ಬಿಳಿಜೋಳ ಕರಿಮಣ್ಣಿನ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ನಂಬಿ ಬೆಳೆಯುತ್ತಿತ್ತು. ಈಗ ಚಳಿಯೂ ಇಲ್ಲ, ಇಬ್ಬನಿಯೂ ಇಲ್ಲ. ನಮ್ಮದು ಬಿಸಿಲುಜೋಳ, ಕಾದ ನೆಲದಲ್ಲೂ ತೆನೆ ಹಿಡಿಯುವ ತಳಿ. ಹೊಟ್ಟೆ ತುಂಬಿಸುತ್ತದೆ, ರುಚಿಯೂ ಇದೆ, ಆದರೆ ಹಿಟ್ಟಿಗೆ ಜಿಗಿ ಇಲ್ಲ. ಜಿಗಿಯಿಲ್ಲದ ಹಿಟ್ಟು ಅಂಚು ಬಿರಿಯುತ್ತದೆಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಕುದಿನೀರು ಹಾಕಿ ನಾದಿದರೂ ಸಾಲದು. ನೀವು ತಟ್ಟುತ್ತಿದ್ದುದಕ್ಕಿಂತ ಎಷ್ಟೋ ಗಟ್ಟಿಯಾಗಿ, ಎಷ್ಟೋ ಹೊತ್ತು ತಟ್ಟಬೇಕು. ನಿಮ್ಮ ಅಡುಗೆಮನೆಯಲ್ಲಿ ಹಾಡಿನ ತಾಳದ ಹಾಗೆ ಕೇಳುತ್ತಿದ್ದ ಸದ್ದು ನಮ್ಮಲ್ಲಿ ಬಟ್ಟೆ ಒಗೆದಂತೆ ಕೇಳುತ್ತದೆ.

ಶಾವಂತ್ರವ್ವ ಎಂಬವಳು ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ತಟ್ಟುತ್ತಿದ್ದಳು. ಅವಳ ರೊಟ್ಟಿ ಬೆಳಕಿಗೆ ಹಿಡಿದರೆ ಆಚೆ ಕಡೆಯ ಬೆರಳು ಕಾಣುತ್ತಿತ್ತು. ಮೊದಲು ಅವಳ ಮಣಿಕಟ್ಟು ಊದಿತು, ಆಮೇಲೆ ಮೊಣಕೈ, ಈಗ ಭುಜ ಬಿಗಿದುಕೊಂಡಿದೆ. ಕೈ ಎದೆಯಿಂದ ಮೇಲಕ್ಕೆ ಏಳುವುದಿಲ್ಲ. ತಲೆ ಬಾಚಲು ಪಕ್ಕದ ಮನೆಯವರು ಬರಬೇಕು. ಅವಳೊಬ್ಬಳೇ ಅಲ್ಲ, ಅವಳ ಸಾಲಿನವರೆಲ್ಲ ಹೀಗೇ ಆಗುತ್ತಿದ್ದಾರೆ. ಕೈ ನಡೆಯದವಳು ರೊಟ್ಟಿಮನೆಯಲ್ಲಿ ಕೂರುವಂತಿಲ್ಲ, ಅದೂ ನಿಯಮವೇ. ಈ ತಿಂಗಳು ಮುಗಿದರೆ ಅವಳು ಮನೆಗೆ ಹೋಗಬೇಕು.

ಇದಕ್ಕೆ ಒಂದು ಉಪಾಯವಿದೆ. ತಟ್ಟುಗೈ ಎಂಬ ಸಾಧನ ಬಂದಿದೆ. ಹೆಣ್ಣುಮಗಳು ಬೆರಳ ತುದಿಯಿಂದ ದಿಕ್ಕು ತೋರಿಸಿದರೆ ಸಾಕು, ಪೆಟ್ಟಿನ ಭಾರವನ್ನೆಲ್ಲ ಅದು ತಾನು ಹೊರುತ್ತದೆ. ಹದ ಅವಳದೇ, ಬಲ ಅದರದು. ಆದರೆ ಅದು ಯಂತ್ರ ಅಲ್ಲವೆಂದು ಯಾವ ಬಾಯಲ್ಲಿ ಹೇಳಲಿ? ತಂದರೆ ನಿಮ್ಮ ಮಾತಿನ ಪ್ರಕಾರ ಬಾಗಿಲು ಹಾಕಬೇಕು. ಹಾಕೋಣ ಎನ್ನುವವರು ನಮ್ಮಲ್ಲಿ ಅರ್ಧದಷ್ಟಿದ್ದಾರೆ. ಅವರ ಮುಂದಾಳು ಬೋರಮ್ಮ ತಳವಾರ ಕೆಟ್ಟವಳಲ್ಲ. ಬೇರೆ ಕಡೆ ಒಂದು ಯಂತ್ರದ ಕೈ ಒಳಗೆ ಬಂದ ಮೇಲೆ ಹತ್ತು ಹೆಣ್ಣುಮಕ್ಕಳ ಕೈ ಹೊರಗೆ ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ಅವಳ ತಾಯಿ ಹಾಗೆ ಹೊರಬಿದ್ದವರಲ್ಲಿ ಒಬ್ಬಳು. ಅವ್ವನ ಮಾತು ಮುರಿದು ಬದುಕುವುದಕ್ಕಿಂತ ಮರ್ಯಾದೆಯಿಂದ ಮುಚ್ಚುವುದು ಮೇಲು ಎಂದು ಅವಳು ಹೇಳುತ್ತಾಳೆ. ನಮ್ಮಲ್ಲಿ ನಾಳೆ ಬೆಳಿಗ್ಗೆ ಮಹಾಸಭೆ ಇದೆ, ಇದೇ ವಿಷಯಕ್ಕೆ.

ಹಿನ್ನಂಚೆಯವರು ವಿಳಾಸ ತಪ್ಪಬಾರದೆಂದು, ಕಾಗದ ಸೇರಬೇಕಾದ ಹೊತ್ತಿನ ಸದ್ದನ್ನು ಬರೆಯುವವರಿಗೆ ಸ್ವಲ್ಪ ಕೇಳಿಸುತ್ತಾರೆ, ಒಂದು ರೊಟ್ಟಿ ಬೇಯುವಷ್ಟು ಹೊತ್ತು ಮಾತ್ರ. ಹಾಗಾಗಿ ನಿಮ್ಮ ದನಿ ಕೇಳಿದೆ ಅವ್ವ. ಗೋಡೆಯಂಥ ದನಿ ಇರಬಹುದು ಎಂದುಕೊಂಡಿದ್ದೆ. ನಿಮಗೆ ನೆಗಡಿಯಾಗಿತ್ತು. ಹಿಂದೆ ಯಾರೋ ಹಿಟ್ಟು ಸಾಣಿಸುತ್ತಿದ್ದರು. ನೂರು ವರ್ಷದ ಮೇಲೆ ನಮ್ಮ ಕೇಂದ್ರ ಹೇಗಿರಬೇಕು ಎಂದು ಬರೆಯಬೇಕಂತೆ, ಏನು ಬರೆಯಲಿ ಎಂದು ಜಯಶೀಲಾ ಕೇಳಿದಳು. ನೂರು ವರ್ಷಕ್ಕೆ ನಾನೂ ಇರುವುದಿಲ್ಲ ನೀನೂ ಇರುವುದಿಲ್ಲ, ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನೀವು ನಕ್ಕಿರಿ. ಆ ವಾರವಷ್ಟೇ ಸೊಲ್ಲಾಪುರದ ಕಡೆಯ ವ್ಯಾಪಾರಿಯೊಬ್ಬ ಬಂದು, ಯಂತ್ರ ಹಾಕಿಸಿ, ಅರ್ಧ ಜನರನ್ನು ಬಿಡಿಸಿ ಎಂದು ಹೇಳಿ ಹೋಗಿದ್ದನಲ್ಲ, ಆ ಸಿಟ್ಟು ನಿಮ್ಮ ದನಿಯಲ್ಲಿತ್ತು. ಆಮೇಲೆ ಹೇಳಿದಿರಿ:

“ರೊಟ್ಟಿ ಕೈಲೇ ತಟ್ಟಬೇಕು. ಮಷೀನ್ ಒಳಗ ಬಂದ ದಿನ ಬಾಗಲಾ ಹಾಕ್ರಿ ಅಂತ ಬರಿ.”

ಪೆನ್ನು ಹಾಳೆಯ ಮೇಲೆ ಸರಿದಾಡುವುದು ಕೇಳಿಸಿತು. ಇದು ನನಗೆ ಬಾಯಿಪಾಠವಿದ್ದ ಮಾತೇ. ಕೇಳುವ ಹೊತ್ತು ಮುಗಿಯಿತೆಂದು ಏಳುವವಳಿದ್ದೆ. ಅಷ್ಟರಲ್ಲಿ ನೀವು ಮೂಗು ಒರೆಸಿಕೊಂಡು ಇನ್ನೊಂದು ಮಾತಾಡಿದಿರಿ.

“ಮಷೀನ್ ಬಂದ್ರ ಈ ಹೆಣ್ಮಕ್ಕಳು ಎಲ್ಲಿಗಿ ಹೋಗಬೇಕ? ಇವರು ನೆಟ್ಟಗಿದ್ರ ಸಾಕು ನನಗ. ರೊಟ್ಟಿ ಹೆಂಗರೆ ಆಗಲಿ.”

ಪೆನ್ನಿನ ಸದ್ದು ಮತ್ತೆ ಕೇಳಿಸಲಿಲ್ಲ. ಅದು ಮನೆಯೊಳಗಿನ ಮಾತು, ಮೇಡಂಗೆ ತೋರಿಸುವ ಹಾಳೆಗೆ ಹೇಳಿದ್ದಲ್ಲ ಎಂದು ಜಯಶೀಲಾ ತಿಳಿದಿರಬೇಕು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ತಿಳಿಯುತ್ತಿದ್ದೆ. ನಾನು ಹಿನ್ನಂಚೆಯ ಕಟ್ಟೆಯಲ್ಲಿ ಕೂತಲ್ಲೇ ಅತ್ತುಬಿಟ್ಟೆ ಅವ್ವ. ಅಲ್ಲಿಯ ಗುಮಾಸ್ತ ಗಾಬರಿಯಾಗಿ ಮಜ್ಜಿಗೆ ತಂದುಕೊಟ್ಟ. ಇಷ್ಟು ತಲೆಮಾರು ನಾವು ನಿಮ್ಮ ಮೊದಲನೆಯ ಮಾತನ್ನು ಕಲ್ಲಿನಲ್ಲಿ ಕೆತ್ತಿ, ಎರಡನೆಯದನ್ನು ನಮಗೆ ಗೊತ್ತಿಲ್ಲದೆಯೇ ಮುರಿಯುತ್ತ ಬಂದಿದ್ದೇವೆ.

ಆದ್ದರಿಂದ ಚಟ್ನಿಯ ಹದ ಬೇಡ. ಕೇಳುವುದು ಇಷ್ಟೇ. ಆ ಹಾಳೆ ಇನ್ನೂ ನಿಮ್ಮ ಮನೆಯಲ್ಲೇ ಇದೆ. ಜಯಶೀಲಾಳನ್ನು ಕರೆದು ಆ ಎರಡನೆಯ ಮಾತನ್ನೂ ಬರೆಸಿ. ಜಾಗವಿಲ್ಲದಿದ್ದರೆ ಮೊದಲನೆಯದನ್ನು ಚಿಕ್ಕದಾಗಿ ಬರೆಸಿ. ಮೇಡಂ ಮುಖ ಸಿಂಡರಿಸಿದರೆ ಸಿಂಡರಿಸಲಿ. ಏನು ಮಾಡಬೇಕು ಎಂಬುದರ ಜೊತೆಗೆ ಯಾರಿಗಾಗಿ ಮಾಡಬೇಕು ಎಂಬುದೂ ಇದ್ದರೆ, ಜೋಳ ಬದಲಾದ ದಿನ ಮುಂದಿನವರು ದಾರಿ ಹುಡುಕಿಕೊಳ್ಳುತ್ತಾರೆ. ಮುಂದಿನವರಿಗೂ ಒಂದಿಷ್ಟು ಬುದ್ಧಿ ಇರುತ್ತದೆ ಅವ್ವ, ನಂಬಿ.

ಕಾಗದ ಮುಟ್ಟಿದರೂ ನಮ್ಮ ಕಾಲದ ಗೋಡೆ ಬದಲಾಗುವುದಿಲ್ಲ, ಹಳೆಯದು ಹಳೆಯದಾಗಿಯೇ ಉಳಿದು ನಿಮ್ಮ ಮುಂದೆ ಬೇರೊಂದು ದಾರಿ ಹುಟ್ಟಿಕೊಳ್ಳುತ್ತದೆ ಎಂದು ಹಿನ್ನಂಚೆಯ ಪಂಡಿತರು ಹೇಳುತ್ತಾರೆ. ಇರಲಿ, ಆ ದಾರಿಯಲ್ಲಿ ಹುಟ್ಟುವ ಯಾವಳೋ ಶಾವಂತ್ರವ್ವನ ಭುಜ ಉಳಿದರೆ ನನಗೆ ಸಂತೋಷವೇ. ನಾಳೆಯ ಸಭೆಯಲ್ಲಿ ನಾನು ಕೇಳಿದ್ದನ್ನು ಹೇಳುತ್ತೇನೆ. ಕೇಳಿದವಳು ನಾನೊಬ್ಬಳೇ ಆದ್ದರಿಂದ, ತನಗೆ ಬೇಕಾದ್ದನ್ನು ಅವ್ವನ ಬಾಯಲ್ಲಿ ಹಾಕುತ್ತಿದ್ದಾಳೆ ಎನ್ನುವವರೂ ಇರುತ್ತಾರೆ. ಬೋರಮ್ಮ ಏನೆನ್ನುತ್ತಾಳೋ ಗೊತ್ತಿಲ್ಲ.

ನಿನ್ನೆ ಸಂಜೆ ಶಾವಂತ್ರವ್ವನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಅವ್ವ ಇದ್ದಿದ್ರ ಗೋಡಿ ಓದ್ತಿದ್ದಿಲ್ಲರೀ ಅಕ್ಕಾರ,” ಎಂದಳು. “ನನ್ನ ಕೈ ಹಿಡದು ನೋಡ್ತಿದ್ಲು.”

ನಾನು ಅವಳ ಕೈ ಹಿಡಿದು ನೋಡಿದೆ. ನಾನು ಹಿರೇಕೈ ಆದ ಮೇಲೆ ಯಾರ ಕೈಯನ್ನೂ ಹಾಗೆ ನೋಡಿರಲಿಲ್ಲ.

ನಿಮ್ಮ ನೆಗಡಿಗೆ ಮೆಣಸಿನ ಕಷಾಯ ಮಾಡಿಕೊಳ್ಳಿ. ಜಯಶೀಲಾಳಿಗೂ ನಿಮ್ಮ ಹೆಣ್ಣುಮಕ್ಕಳೆಲ್ಲರಿಗೂ ನಮ್ಮ ನಮಸ್ಕಾರ ತಿಳಿಸಿ. ನಮ್ಮ ಸಭೆಯಲ್ಲಿ ಯಾವುದನ್ನು ತೀರ್ಮಾನಿಸಬೇಕಾದರೂ ಪರ ಇರುವವರು ಕೈ ಎತ್ತಬೇಕು. ತಟ್ಟುಗೈ ಬೇಕು, ಬಾಗಿಲೂ ತೆರೆದಿರಬೇಕು ಎಂದು ನಾಳೆ ನಾನು ಕೈ ಎತ್ತುತ್ತೇನೆ. ಶಾವಂತ್ರವ್ವ ಮುಂದಿನ ಸಾಲಿನಲ್ಲೇ ಕೂರುತ್ತಾಳಂತೆ. ಅವಳಿಗೆ ಕೈ ಎತ್ತಲಾಗುವುದಿಲ್ಲ, ನಾನು ಪಕ್ಕದಲ್ಲಿ ಕೂತು ಎತ್ತಿ ಹಿಡಿಯುತ್ತೇನೆ.

ನಿಮ್ಮ ಮನೆಯ ಮಗಳು,
ಮೆಹರುನ್ನಿಸಾ