ತುದಿ ಒಳಕ್ಕೆ ಮಡಿಚಿದ ತಂತಿ

ಸೆಪ್ಟೆಂಬರ್ 9, ಸೋಮವಾರ

ಹನ್ನೊಂದು ಸೈಕಲ್‌ಗೆ ಗಾಳಿ ಹಾಕಿ ಆಯಿತು. ಹನ್ನೆರಡನೆಯದು ಮತ್ತೆ ಪಂಕ್ಚರ್. ತೆಯೋ ಪ್ಯಾಚ್ ಹಚ್ಚುತ್ತಿದ್ದಾನೆ, ಮೂಗಿನ ತುದಿಗೆ ಗ್ರೀಸ್ ಮೆತ್ತಿಕೊಂಡು. ಎಷ್ಟು ಮುದ್ದಾಗಿ ಕಾಣುತ್ತಾನೆಂದರೆ... ಬೇಡ, ಶುರು ಮಾಡಿದರೆ ಇಡೀ ಪುಟ ಅದೇ ಆಗುತ್ತದೆ. ಮದುವೆಯಾಗಿ ಇವತ್ತಿಗೆ ಇಪ್ಪತ್ತಮೂರು ದಿನ!

ಓಲ್ಮಿಯೋದ ಹಳೆಯ ರೈಲ್ವೆ ಸ್ಟೇಷನ್ನಿನಲ್ಲೇ ನಮ್ಮ ಅಂಗಡಿ. ಹಳಿ ಕಿತ್ತ ದಾರಿಯಲ್ಲಿ ಈಗ ಸೈಕಲ್ ಮಾತ್ರ. ಕಾರಿಲ್ಲ, ಲಾರಿಯಿಲ್ಲ, ಹಾರ್ನ್ ಇಲ್ಲ. ಎರಡೂ ಕಡೆ ದ್ರಾಕ್ಷಿ. ಗಿರಾಕಿಗಳು ಹತ್ತಕ್ಕೆ ಬರುತ್ತಾರೆ. ಅದಕ್ಕೆ ಮೊದಲು ನಮ್ಮಲ್ಲೊಬ್ಬರು ಸೇತುವೆಯವರೆಗೆ ಎಂಟು ಕಿಲೋಮೀಟರ್ ಹೋಗಿ ಕಲ್ಲು, ಕೊಂಬೆ ಏನಾದರೂ ಬಿದ್ದಿದೆಯೇ ನೋಡಿಕೊಂಡು ಬರಬೇಕು. ಅದು ತೆಯೋನ ಕೆಲಸವಾಗಿತ್ತು. ನಾನು ಕಸಿದುಕೊಂಡೆ. ಬೆಳಿಗ್ಗೆ ಎಂಟಕ್ಕೆ, ಮಂಜಿನಲ್ಲಿ, ಇಡೀ ದಾರಿ ನನ್ನೊಬ್ಬಳದು! ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟು ಕಿರುಚುತ್ತೇನೆ. ನಾನು ಓದಿದ ಲೊಗ್ರೋನ್ಯೋ ಪೇಟೆಯ ಕಾನ್ವೆಂಟಿನ ಸಿಸ್ಟರ್‌ಗಳು ನೋಡಿದರೆ ಎದೆ ಒಡೆದುಕೊಳ್ಳುತ್ತಾರೆ.

ಕೊಯ್ಲು ಮುಗಿಯುವವರೆಗೆ ಅತ್ತೆ ಮಾವನ ಜೊತೆ ವಾಸ. ಮಾವ ಫರ್ಮಿನ್ ಊಟಕ್ಕೆ ಕೂತರೆಂದರೆ ನನ್ನನ್ನು ಕೆಣಕಲೇಬೇಕು.

"ಏನಮ್ಮಾ ಪೇಟೆ ಹುಡುಗಿ, ಇವತ್ತು ನಿನ್ನ ದಾರೀಲಿ ಯಾರ್ಯಾರು ಗಾಳಿ ಸೇವನೆಗೆ ಬಂದಿದ್ರು?"

"ಇಬ್ಬರು ಡಚ್ಚರು, ಮಾವ. ಒಂದು ನಾಯಿ."

"ನಾಯಿಗೂ ಬಿಡ್ತಾರೆ ನೋಡು. ನನ್ನ ಟ್ರ್ಯಾಕ್ಟರಿಗೆ ಬಿಡಲ್ಲ."

ನಕ್ಕೆವು. ನಲವತ್ತು ವರ್ಷ ಅದೇ ದಾರಿಯಲ್ಲಿ ತೋಟದಿಂದ ಬೆಳೆಗಾರರ ಸೊಸೈಟಿಗೆ ದ್ರಾಕ್ಷಿ ಸಾಗಿಸಿದವರು. ಈ ವಸಂತದಲ್ಲಿ ಪಂಚಾಯಿತಿಯವರು ವಾಹನ ನುಗ್ಗದ ಹಾಗೆ ಎರಡೂ ತುದಿಗೆ ಕಬ್ಬಿಣದ ಗೂಟ ನೆಟ್ಟರು. ಈಗ ಹೆದ್ದಾರಿ ಸುತ್ತಿ ಹೋಗಬೇಕು. ಅತ್ತೆ ಬೆಗೋನ್ಯಾ ನನ್ನ ತಟ್ಟೆಗೆ ಇನ್ನೊಂದು ಸೌಟು ಆಲೂಗಡ್ಡೆ ಸುರಿದು, "ತಿನ್ನು ಚಿನ್ನ, ಅವರ ಮಾತು ಹೊಟ್ಟೆ ತುಂಬಿಸಲ್ಲ" ಎಂದರು. ಐ ಲವ್ ಹರ್.

ಸೆಪ್ಟೆಂಬರ್ 12, ಗುರುವಾರ

ಮಾವ ಮೂರಕ್ಕೆ ಬರಬೇಕಾದವರು ಐದಾದರೂ ಇಲ್ಲ. ಬಂದಾಗ ಟ್ರೇಲರಿನ ಒಂದು ಬದಿ ನುಜ್ಜುಗುಜ್ಜು. ಹೆದ್ದಾರಿಯ ತಿರುವಿನಲ್ಲಿ ಲಾರಿಯೊಂದು ಸವರಿಕೊಂಡು ಹೋಯಿತಂತೆ, ನಿಲ್ಲಿಸಲೂ ಇಲ್ಲವಂತೆ. "ಅರ್ಧ ದ್ರಾಕ್ಷಿ ರಸ್ತೇಲೇ ವೈನ್ ಆಯ್ತು" ಎಂದು ಜೋಕ್ ಹೊಡೆದರು. ಅತ್ತೆ ಅವರ ಅಂಗಿ ಒಗೆದರು. ಕಲೆ ಹೋದ ಮೇಲೂ ಉಜ್ಜುತ್ತಲೇ ಇದ್ದರು.

ಮಲಗುವಾಗ ತೆಯೋನನ್ನು ಕೇಳಿದೆ, ಅಪ್ಪನಿಗಾದರೂ ಗೂಟ ತೆಗೆಸಿಕೊಡಲು ಆಗುವುದಿಲ್ಲವೇ ಎಂದು.

"ಒಬ್ಬರಿಗೆ ತೆಗೆದರೆ ಊರಿಗೇ ತೆಗೀಬೇಕು ಕಣೇ. ಆಮೇಲೆ ನಮ್ಮ ಸೈಕಲ್‌ನ ಯಾರು ಕೇಳ್ತಾರೆ?"

ಸರಿ ಅನ್ನಿಸಿತು. ನಿದ್ದೆ ಬಂತು.

ಸೆಪ್ಟೆಂಬರ್ 17, ಮಂಗಳವಾರ, ಬೆಳಿಗ್ಗೆ 9.10

ಈ ಅಕ್ಷರ ನನ್ನದೇ ಅನ್ನಿಸುತ್ತಿಲ್ಲ.

ಮಂಜು. ಮೂರನೇ ಕಿಲೋಮೀಟರ್ ಆದ ಮೇಲಿನ ಇಳಿಜಾರು, ನಾನು ಕೈಬಿಟ್ಟು ಕಿರುಚುವ ಜಾಗ. ಇವತ್ತು ಕಿರುಚಲಿಲ್ಲ. ಶೂ ಲೇಸ್ ಚೈನಿಗೆ ಸಿಕ್ಕಿ ಮೇಲೆಯೇ ಇಳಿದಿದ್ದೆ. ಬಿಡಿಸಿಕೊಂಡು, ಸೈಕಲ್ ತಳ್ಳಿಕೊಂಡು ನಾಲ್ಕು ಹೆಜ್ಜೆ ಬಂದು ತಲೆಯೆತ್ತಿದರೆ ಗಾಳಿಯಲ್ಲಿ ಇಬ್ಬನಿ ಹನಿಗಳು ಸಾಲಾಗಿ ನಿಂತಿವೆ. ಏನು ಚೆಂದ ಅಂದುಕೊಂಡೆ. ದೇವರಾಣೆ, ಚೆಂದ ಅಂದುಕೊಂಡೆ. ಫೋಟೋ ತೆಗೆಯಲು ಫೋನ್ ಕೂಡ ಹೊರಗೆ ತೆಗೆದೆ.

ತಂತಿ. ಈ ಕಡೆಯ ಬಾದಾಮಿ ಮರದಿಂದ ಆ ಕಡೆಯ ಬೇಲಿ ಕಂಬಕ್ಕೆ. ಸೈಕಲ್ ಹತ್ತಿ ಕೂತು ನೋಡಿದೆ. ಸರಿಯಾಗಿ ಗಂಟಲಿಗೆ.

ಸೈಕಲ್ ಚೀಲದಲ್ಲಿದ್ದ ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿದೆ. ಆಮೇಲೆ ಕಟ್ಟಿದ ರೀತಿ ಕಣ್ಣಿಗೆ ಬಿತ್ತು. ಎರಡು ಸುತ್ತು ಮೇಲಕ್ಕೆ, ಒಂದು ಸುತ್ತು ಹಿಂದಕ್ಕೆ, ತುದಿಯನ್ನು ಒಳಕ್ಕೆ ಮಡಿಚಿ ಒತ್ತಿದ್ದು. ಬೆರಳಾಡಿಸಿದರೆ ಎಲ್ಲೂ ಚುಚ್ಚುವುದಿಲ್ಲ. ಮದುವೆಗೆ ಮುಂಚೆ, ಜೂನ್ ತಿಂಗಳಲ್ಲಿ, ತೋಟದಲ್ಲಿ ಮಾವ ನನಗೆ ಕೈ ಹಿಡಿದು ಕಲಿಸಿದ ಕಟ್ಟು ಇದು. "ತುದಿ ಯಾವತ್ತೂ ಒಳಗಿರಬೇಕು ಮಗಳೇ. ಕೊಯ್ಯೋರ ಕೈ ಗೀರಬಾರದು." ಅಕ್ಕಪಕ್ಕದ ತೋಟಗಳಲ್ಲಿ ತುದಿ ಹಾಗೇ ಚಾಚಿಕೊಂಡಿರುತ್ತದೆ. ಹೀಗೆ ಕಟ್ಟುವುದು ಈ ಮನೆಯವರು ಮಾತ್ರ.

ಕೈ ಗೀರದ ಹಾಗೆ ಜೋಪಾನವಾಗಿ ಕಟ್ಟಿದ್ದಾರೆ. ಕುತ್ತಿಗೆಗೆ.

ಅದೇ ದಿನ, ಸಂಜೆ

ತೆಯೋಗೆ ಹೇಳಲಿಲ್ಲ. ಏನಂತ ಹೇಳಲಿ? ನಿನ್ನ ಅಪ್ಪ... ಆ ವಾಕ್ಯ ಮುಂದಕ್ಕೆ ಹೋಗುವುದೇ ಇಲ್ಲ. ತಂತಿಯನ್ನು ಕಟ್ಟಿನ ಸಮೇತ ಮದುವೆಯ ಶೂ ಡಬ್ಬಿಯಲ್ಲಿಟ್ಟು ಮಂಚದ ಕೆಳಗೆ ತಳ್ಳಿದ್ದೇನೆ. ಊಟವಾದ ಮೇಲೆ ಮಾವ ಪೀಚ್ ಹಣ್ಣು ಹೆಚ್ಚಿ ಮೊದಲ ಹೋಳನ್ನು ಚಾಕುವಿನ ತುದಿಯಲ್ಲೇ ನನ್ನ ಕಡೆ ಚಾಚಿದರು. ತೆಗೆದುಕೊಂಡೆ. ತಿಂದೆ.

ಸೆಪ್ಟೆಂಬರ್ 21, ಶನಿವಾರ

ಇನ್ನೊಂದು. ಐದನೇ ಕಿಲೋಮೀಟರ್ ಹತ್ತಿರ. ಅದೇ ಕಟ್ಟು. ಈ ಸಲ ಇನ್ನೂ ಕೆಳಗೆ, ನನ್ನ ಎದೆಯ ಮಟ್ಟಕ್ಕೆ. ಮಗುವಾಗಿದ್ದರೆ ಕತ್ತು.

ಈಗ ಕೈ ಬಿಡುವುದಿಲ್ಲ. ಹ್ಯಾಂಡಲ್ ಮುಂದೆ ಒಂದು ಕೋಲು ಚಾಚಿಕೊಂಡು ನಡೆಯುವ ವೇಗದಲ್ಲಿ ಹೋಗುತ್ತೇನೆ. ಬರುವಷ್ಟರಲ್ಲಿ ಗಿರಾಕಿಗಳು ಕಾಯುತ್ತಿರುತ್ತಾರೆ.

"ಯಾಕೆ ಇಷ್ಟೊತ್ತು, ನೋಯೆ?" ಎಂದ ತೆಯೋ.

"ಮಂಜು."

"ಮಂಜಾ, ಇಲ್ಲ ಗಂಡನ ಮುಖ ಬೇಜಾರಾಯ್ತಾ?"

ನಕ್ಕೆ. ನಗು ಎಲ್ಲಿಂದ ಬಂತೋ ಗೊತ್ತಿಲ್ಲ.

ಸೆಪ್ಟೆಂಬರ್ 26, ಗುರುವಾರ

ನಾಲ್ಕು ದಿನ ಬರೆಯಲಿಲ್ಲ. ಬರೆಯಲು ಒಂದೇ ವಿಷಯ, ಅದನ್ನು ಬರೆಯಲು ಭಯ.

ಇವತ್ತು ತೆಯೋ ಸ್ಟೇಷನ್ನಿನಲ್ಲಿ ನನ್ನನ್ನು ಎತ್ತಿ ತಿರುಗಿಸಿದ. ಶನಿವಾರ ಶಾಲೆಯೊಂದರ ಬುಕಿಂಗ್! ಮೂರನೇ ತರಗತಿಯ ಇಪ್ಪತ್ತೆರಡು ಮಕ್ಕಳು. ಸೇತುವೆಯ ಆಚೆ, ದಾರಿಯ ಇನ್ನೊಂದು ತುದಿಯಿಂದ ಹೊರಟು ಇಲ್ಲಿಗೆ ಬರುತ್ತಾರೆ. "ಮನೇಲಿ ಹೇಳ್ಬೇಡ, ಅಪ್ಪ ಮತ್ತೆ ಚುಚ್ತಾರೆ" ಎಂದ.

ತಡೆಯಲಾಗಲಿಲ್ಲ. ಶೂ ಡಬ್ಬಿ ತೆಗೆದುಕೊಂಡು ತೋಟಕ್ಕೆ ಹೋದೆ. ಮಾವ ಸಾಲಿನ ನಡುವೆ ಮಂಡಿಯೂರಿ ಗೊನೆ ಕೊಯ್ಯುತ್ತಿದ್ದರು. ತಂತಿ ತುಂಡುಗಳನ್ನು ಬುಟ್ಟಿಯ ಅಂಚಿನ ಮೇಲಿಟ್ಟೆ.

"ಮಾವ, ದಾರೀಲಿ ಅಡ್ಡ ಕಟ್ಟಿದ್ರು. ಎರಡು ಸಲ. ಮೊದಲನೇದು ಸಿಕ್ಕಿ ಒಂಬತ್ತು ದಿನ ಆಯ್ತು. ಶನಿವಾರ ಮಕ್ಕಳು ಬರ್ತಿದ್ದಾರೆ."

ಕೈ ಒರೆಸಿಕೊಂಡು ಒಂದನ್ನು ಬಿಸಿಲಿಗೆ ಹಿಡಿದರು. ಸುತ್ತಿನ ಮೇಲೆ ಬೆರಳಾಡಿಸಿದರು.

"ನಾನು ಅಂದ್ಕೊಂಡ್ಯಾ?"

"ಹೌದು."

"ಹಾಗಂದ್ಕೊಂಡು ಒಂಬತ್ತು ದಿನ ನನ್ನ ಎದುರು ಊಟಕ್ಕೆ ಕೂತ್ಯಾ?"

"ಹೌದು ಮಾವ."

"ಗಟ್ಟಿಗಿತ್ತಿ ಬಿಡು." ನಗಲಿಲ್ಲ. "ನಾನು ಬಲಕ್ಕೆ ಸುತ್ತೋದು. ತೆಯೋನೂ ಬಲಕ್ಕೆ. ಇದು ನೋಡು, ಎಡಕ್ಕೆ ಸುತ್ತಿದೆ." ಆಮೇಲೆ ಮಣ್ಣಿನ ಮೇಲೆ ಹಾಗೇ ಕುಸಿದು ಕೂತರು. "ಈ ಕಟ್ಟನ್ನ ನಂಗೆ ಕಲಿಸಿದ್ದೇ ಅವಳು."

ಅತ್ತೆಯ ಸೌಟು ಎಡಗೈಯಲ್ಲಿ. ಕತ್ತರಿ ಎಡಗೈಯಲ್ಲಿ. ಬೆಳಿಗ್ಗೆ ನನ್ನ ಕೆನ್ನೆ ತಟ್ಟುವುದು ಎಡಗೈಯಲ್ಲಿ.

"ನಾನು ಅವಳ ಹತ್ರ ಮಾತಾಡ್ತೀನಿ" ಎಂದರು ಮಾವ. "ತೆಯೋಗೆ ಹೇಳ್ಬೇಡ."

ಸೆಪ್ಟೆಂಬರ್ 27, ಶುಕ್ರವಾರ, ಸಂಜೆ 6.30

ಮಾವ ಮಾತಾಡಲಿಲ್ಲ. ನಿನ್ನೆ ಊಟದಲ್ಲಿ ಎರಡು ಸಲ ಬಾಯಿ ತೆರೆದು ಎರಡು ಸಲವೂ ಬ್ರೆಡ್ ತುರುಕಿಕೊಂಡರು. ನಾನೇ ಹೋದೆ. ಅತ್ತೆ ಹಿತ್ತಲಲ್ಲಿ ಸುಟ್ಟ ಕೆಂಪು ದಪ್ಪಮೆಣಸಿನಕಾಯಿ ಸುಲಿಯುತ್ತಿದ್ದರು.

"ಅತ್ತೆ, ಆ ತಂತಿ..."

"ಕೂತ್ಕೋ. ಈ ರಾಶಿ ನೀನು ಸುಲಿ. ನೀರಲ್ಲಿ ಅದ್ದಬೇಡ, ರುಚಿ ಹೋಗುತ್ತೆ."

ಕೂತೆ. ಸುಲಿದೆ ಕೂಡ! ಯಾಕೆ ಸುಲಿದೆನೋ.

"ನೀನು ಯಾಕೆ ಯಾರಿಗೂ ಹೇಳಲಿಲ್ಲ?" ಎಂದು ಅವರೇ ಕೇಳಿದರು, ನನ್ನ ಮೇಲೇ ತಪ್ಪು ಹೊರಿಸುವವರ ಹಾಗೆ. "ಬೆಳಿಗ್ಗೆ ಮೊದಲು ಹೋಗೋದು ನೀನು. ದಾರಿ ನೋಡ್ಕೊಂಡು ಬರೋದು ತಾನೇ ನಿನ್ನ ಕೆಲಸ? ನೋಡ್ತೀಯ, ಹೆದರ್ತೀಯ, ತೆಯೋಗೆ ಹೇಳ್ತೀಯ, ಪೊಲೀಸರು ಬಂದು ಸೈಕಲ್‌ಗೆ ದಾರಿ ಮುಚ್ತಾರೆ, ಗೂಟ ಕೀಳ್ತಾರೆ ಅಂದ್ಕೊಂಡೆ. ನೀನು ಬಾಯೇ ಬಿಡಲಿಲ್ಲ. ಅದಕ್ಕೇ ಇನ್ನೊಂದು ಕಟ್ಟಬೇಕಾಯ್ತು."

"ಆ ಇಳಿಜಾರಲ್ಲಿ ನಾನು ಕೈ ಬಿಟ್ಟು ಬರ್ತೀನಿ, ಅತ್ತೆ."

ಅವರ ಕೈ ನಿಂತಿತು. "ಕೈ ಬಿಟ್ಟಾ?"

"ಎರಡೂ ಕೈ. ಕಣ್ಣೂ ಮುಚ್ಚಿರ್ತೀನಿ, ಕೆಲವು ಸಲ."

ನನ್ನ ಕತ್ತನ್ನೇ ನೋಡಿದರು. ಮುಖ ಬೂದಿಯಾಗಿತ್ತು. ಆದರೂ ಬಿಡಲಿಲ್ಲ.

"ನಿಮ್ಮ ಗಿರಾಕಿಗಳಿಗೆ ಲಾರಿ ಇಲ್ಲದ ದಾರಿ ಬೇಕು. ನನ್ನ ಗಂಡನಿಗೆ ಬೇಡವಾ? ದಿನಕ್ಕೆ ಆರು ಸಲ ಆ ತಿರುವಲ್ಲಿ ಹೋಗ್ತಾರೆ. ಗೇಟಲ್ಲಿ ಟ್ರ್ಯಾಕ್ಟರ್ ಸದ್ದು ಕೇಳೋವರೆಗೂ ನಂಗೆ ಉಸಿರಿಲ್ಲ. ನೀನು ಹತ್ತು ದಿನ ಹೆದರಿದೆ. ಇನ್ನೂ ಎಷ್ಟು ಕೊಯ್ಲು ಹೆದರಲಿ ನಾನು?"

ಸುಲಿದ ಮೆಣಸಿನಕಾಯಿ ಕೆಳಗಿಟ್ಟೆ. "ಇನ್ನು ಕಟ್ಟಬೇಡಿ ಅತ್ತೆ" ಎಂದೆ. "ಎರಡನ್ನೂ ತೆಗೆದಿದ್ದೀನಿ. ಇಲ್ಲಿಗೆ ಬಿಟ್ಟುಬಿಡೋಣ."

"ಎರಡಲ್ಲ. ಮೂರು."

"ಮೂರು?"

"ನೀನು ಮುಚ್ಚಿಡ್ತಿದ್ದೆಯಲ್ಲ. ಇವತ್ತು ಬೆಳಿಗ್ಗೆ ಸೇತುವೆ ಆಚೆ ಕಟ್ಟಿದೆ. ನೀನು ಹೋಗದ ಕಡೆ, ಬೇರೆ ಯಾರಾದ್ರೂ ನೋಡ್ಲಿ ಅಂತ."

ನಾಳೆ ಆ ಕಡೆಯಿಂದ ಇಪ್ಪತ್ತೆರಡು ಮಕ್ಕಳು ಬರುತ್ತಾರೆ ಎಂದೆ. ಮೆಣಸಿನಕಾಯಿ ಅವರ ಕೈಯಿಂದ ಜಾರಿತು. ಎಲ್ಲಿ ಎಂದು ಕೇಳಿದೆ. ಯಾವುದೋ ಎರಡು ಮರ, ಮಂಜಿತ್ತು, ಅವಸರದಲ್ಲಿದ್ದೆ... ಎನ್ನುತ್ತಿದ್ದಾರೆ. ಅಷ್ಟೇ ಎನ್ನುತ್ತಿದ್ದಾರೆ. ತೆಯೋ ಬಂದ. ಹೇಳಲೇಬೇಕು.

ಸೆಪ್ಟೆಂಬರ್ 28, ಶನಿವಾರ, ಬೆಳಿಗ್ಗೆ 8.05

ಸ್ಟೇಷನ್ನಿನಲ್ಲಿ ಒಬ್ಬಳೇ. ಏನು ಮಾಡಬೇಕೋ ತಿಳಿಯದೆ ಬರೆಯುತ್ತಿದ್ದೇನೆ.

ಹೇಳಿದಾಗ ತೆಯೋ ಮೊದಲು ನಕ್ಕ. "ಅಮ್ಮಾನಾ?" ಎಂದ. ಆಮೇಲೆ ಮೆಣಸಿನಕಾಯಿ ಸಿಪ್ಪೆಗಳ ಮಧ್ಯೆ ನೆಲದ ಮೇಲೆ ಕೂತುಬಿಟ್ಟ. ಸೇತುವೆ ರಿಪೇರಿ ಎಂದು ಸುಳ್ಳು ಹೇಳಿ ಶಾಲೆಯ ಬುಕಿಂಗ್ ರದ್ದು ಮಾಡಿದ. ಕತ್ತಲಾಗುವವರೆಗೆ ನಾಲ್ವರೂ ಹುಡುಕಿದೆವು. ಸೇತುವೆಯಿಂದಾಚೆ ಹದಿನಾಲ್ಕು ಕಿಲೋಮೀಟರ್, ಉದ್ದಕ್ಕೂ ಮರ. ಸಿಗಲಿಲ್ಲ.

ಬೆಳಿಗ್ಗೆ ಆರಕ್ಕೇ ಮೂವರೂ ಮತ್ತೆ ಹೋಗಿದ್ದಾರೆ. ನಡೆದುಕೊಂಡು, ಕುರುಡರ ಹಾಗೆ ಕೈ ಮುಂದೆ ಚಾಚಿಕೊಂಡು. ಶನಿವಾರ. ವಾರದ ದಿನ ಆ ಕಡೆ ಬರುವವರು ಅಪರೂಪ, ಇವತ್ತು ಆಚೆ ತುದಿಯಿಂದ ಒಂಬತ್ತಕ್ಕೆಲ್ಲ ಸೈಕಲ್‌ಗಳು ಹೊರಡುತ್ತವೆ. ಅವರನ್ನು ತಡೆಯುವವರು ಯಾರು?

ಹೊರಡುವಾಗ ತೆಯೋ: "ಪೊಲೀಸರಿಗೆ ಹೇಳ್ಬೇಡ. ಒಂಬತ್ತರೊಳಗೆ ಸಿಗುತ್ತೆ."

ಮಾವ, ಪಕ್ಕಕ್ಕೆ ಕರೆದು: "ಯಾರಾದ್ರೂ ಕೇಳಿದ್ರೆ ನಾನೇ ಅನ್ನು. ಊರು ಸುಲಭವಾಗಿ ನಂಬುತ್ತೆ."

ಅತ್ತೆ, ಕೆನ್ನೆ ತಟ್ಟಿ: "ಅವರು ತಮ್ಮ ಹೆಸರು ಹೇಳು ಅಂದಿರ್ತಾರೆ. ಹೇಳ್ಬೇಡ. ಜೈಲೂಟ ಅವರಿಗೆ ಸೇರಲ್ಲ."

8.30

ಮೂವರ ಫೋನೂ ಸಿಗುತ್ತಿಲ್ಲ. ಪೊಲೀಸರಿಗೆ ಕರೆ ಮಾಡಿಬಿಟ್ಟೆ. ಆಚೆ ತುದಿಯನ್ನು ಈಗಲೇ ಮುಚ್ಚಿಸುತ್ತೇವೆ, ಇಲ್ಲಿಗೂ ಜೀಪು ಕಳಿಸುತ್ತೇವೆ ಎಂದರು. "ಯಾರು ಕಟ್ಟಿದ್ದು ಅಂತ ಗೊತ್ತಾ, ಮೇಡಂ?" ಬನ್ನಿ, ಹೇಳ್ತೀನಿ ಎಂದೆ. ಯಾಕೆ ಹಾಗೆಂದೆ? ಗೊತ್ತಿಲ್ಲ ಎನ್ನಬಹುದಿತ್ತಲ್ಲ.

8.55

ಜೀಪು ಬಂತು. ಇಬ್ಬರು. ಒಬ್ಬಳು ನನ್ನ ವಯಸ್ಸಿನವಳು. ಕಿಟಕಿಯಿಂದ ಕಾಣುತ್ತಾಳೆ, ಜೇಬಿನಲ್ಲಿ ಪೆನ್ನು ಹುಡುಕುತ್ತಿದ್ದಾಳೆ.

ಅಷ್ಟರಲ್ಲಿ ಫೋನ್. ತೆಯೋ. ಏದುಸಿರು.

"ಸಿಕ್ತು ನೋಯೆ! ಸಿಕ್ತು! ಅಮ್ಮಾನೇ ಬಿಚ್ಚಿದಳು. ಯಾರಿಗೂ ಏನೂ ಆಗಿಲ್ಲ. ಎಲ್ಲ ಮುಗೀತು. ನೀನು ಯಾರಿಗೂ ಹೇಳಿಲ್ಲ ತಾನೇ?"

ಅಳು ಬಂತು. ಯಾರಿಗೂ ಏನೂ ಆಗಿಲ್ಲ. ಆಗಿಲ್ಲ! ಈಗ ಸುಮ್ಮನಿರಬಹುದು. ಯಾರೋ ಕಿಡಿಗೇಡಿಗಳು ಎನ್ನಬಹುದು. ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರಬಹುದು. ಸೋಮವಾರ ಮಾವ ಮತ್ತೆ ಆ ತಿರುವಿಗೆ ಹೋಗುತ್ತಾರೆ. ಅತ್ತೆ ಮತ್ತೆ ಉಸಿರು ಹಿಡಿದು ಗೇಟಿನ ಸದ್ದಿಗೆ ಕಾಯುತ್ತಾರೆ. ಆಮೇಲೆ? ಮೊದಲನೆಯದನ್ನೂ ನಾನು ಹೀಗೇ ಡಬ್ಬಿಯಲ್ಲಿಟ್ಟು ಮುಚ್ಚಿದ್ದೆ.

ಬಾಗಿಲು ಬಡಿಯುತ್ತಿದ್ದಾರೆ. ಫೋನನ್ನು ಮೇಜಿನ ಮೇಲಿಟ್ಟಿದ್ದೇನೆ. "ನೋಯೆ? ಕೇಳಿಸ್ತಿದೆಯಾ? ಹೇಳಿಲ್ಲ ತಾನೇ?" ಎನ್ನುತ್ತಲೇ ಇದ್ದಾನೆ.

ಕಟ್ ಮಾಡುವುದಿಲ್ಲ. ನಾನು ಅತ್ತೆಯ ಹೆಸರು ಹೇಳುವುದು ಅವನಿಗೂ ಕೇಳಿಸಲಿ.