ಚರಂಡಿಯ ಈಚೆ ಒಬ್ಬಳೇ

ಜನಗಣತಿಯ ನಕ್ಷೆ ಬರೆಯುವ ಸಾಹೇಬರಿಗೆ, ಗೋದಾಮಿನ ಹಿಂದಿನ ಮನೆಯವಳ ನಮಸ್ಕಾರ.

ಶಾಲೆ ಅರ್ಧಕ್ಕೇ ಬಿಟ್ಟವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಎಣಿಸಲು ಬಂದ ಟೀಚರಮ್ಮ, "ಹೆಸರು ಎಲ್ಲೂ ಬರಲ್ಲ ಅಕ್ಕಾ, ಒಂದೊಂದು ತುಂಡು ಜಾಗಕ್ಕೂ ಬರೀ ಲೆಕ್ಕ ಅಚ್ಚಾಗುತ್ತೆ. ಯಾಕೆ ಸುಮ್ನೆ ಜೀವ ಹಿಂಡ್ಕೋತೀರಿ?" ಎಂದರು. ಅದನ್ನು ನಂಬಿ, ಮಗಳಿಗೆ ಕಿವಿ ಕೇಳುವುದಿಲ್ಲವೆಂದು ನಿಜ ಹೇಳಿಬಿಟ್ಟೆ. ಆಮೇಲೆ ನಕ್ಷೆ ತೋರಿಸಿದರು. ನಮ್ಮ ತುಂಡಿನ ಗಡಿಯೆಂದು ನೀವು ಎಳೆದ ಗೆರೆ ಚರಂಡಿಯ ಗುಂಟ ಹೋಗಿದೆ. ಈಚೆ ಇರುವುದು ನಾಲ್ಕೇ ಮನೆ. ಗಂಡಸಿಲ್ಲದ ಮನೆ ನಮ್ಮದೊಂದೇ, ಕಿವಿ ಕೇಳದ ಹುಡುಗಿ ಇವಳೊಬ್ಬಳೇ.

ನಾವು ಈ ಊರಲ್ಲಿರುವುದು ಇವಳಪ್ಪನಿಗೆ ಗೊತ್ತು, ಬೀದಿ ಗೊತ್ತಿಲ್ಲ. ಇಂಥ ಲೆಕ್ಕ ಓದುವುದೇ ಅವರ ಆಫೀಸಿನ ಕೆಲಸ; ನಾಲ್ಕು ಮನೆಯ ತುಂಡಿನಲ್ಲಿ ಕಿವಿ ಕೇಳದ ಹುಡುಗಿ ಒಂದು ಎಂದು ಕಂಡರೆ ಸಾಕು, ಮನೆ ಹುಡುಕಿಬಿಡುತ್ತಾರೆ. ಹಿಂದೊಮ್ಮೆ ನಾವು ಸಿಕ್ಕಾಗ ನನ್ನ ಬಲಗೈ ಮುರಿದಿದ್ದರು, ಅದಕ್ಕೇ ಅಕ್ಷರ ಸೊಟ್ಟ.

ಚರಂಡಿಯಾಚೆ ದೊಡ್ಡ ವಠಾರವಿದೆ, ಅಲ್ಲಿ ಇಂಥ ಮಕ್ಕಳು ಇನ್ನೂ ಇದ್ದಾರೆ. ಗೆರೆಯನ್ನು ಅದರಾಚೆಗೆ ಎಳೆದುಬಿಡಿ. ಆ ಗುಂಪಿನಲ್ಲಿ ಇವಳು ಕಳೆದುಹೋಗಲಿ.

ಆಗದಿದ್ದರೆ ಅಚ್ಚಾಗುವ ಮೊದಲೇ ಟೀಚರಮ್ಮನ ಹತ್ತಿರ ಹೇಳಿಕಳಿಸಿ, ಗಂಟುಮೂಟೆ ಕಟ್ಟುತ್ತೇನೆ. ಪಕ್ಕದ ಮನೆ ಹುಡುಗಿ ಇವಳಿಗಾಗಿ ಈಗಷ್ಟೇ ಸನ್ನೆ ಕಲಿಯುತ್ತಿದ್ದಾಳೆ. ಮತ್ತೆ ಹೊರಡೋಣ ಎಂಬುದನ್ನು ಇವಳಿಗೆ ಯಾವ ಸನ್ನೆಯಲ್ಲಿ ಹೇಳಲಿ, ತೋಚುತ್ತಿಲ್ಲ.

ಇಂತಿ,
ನಿಮ್ಮ ಲೆಕ್ಕದಲ್ಲಿರುವ ಆ ಒಬ್ಬಳ ತಾಯಿ