ಬಚ್ಚಲ ಹಿಂದಿನ ಸೇವಂತಿಗೆ

ಆದಿವಾಲ
೧೧–೨–೧೯೬೪

ಚಿ. ಸೌ. ವೀರಮ್ಮನಿಗೆ ನಿನ್ನ ಓರಗಿತ್ತಿ ಪಾರ್ವತಮ್ಮನ ಪ್ರೀತಿಯ ಆಶೀರ್ವಾದ. ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಅಕ್ಷರ ಕಂಡ ಕೂಡಲೇ ಕಾಗದವನ್ನು ಒಲೆಗೆ ಹಾಕಬೇಡ, ಪೂರ್ತಿ ಓದು.

ಎರಡು ವರ್ಷದ ಹಿಂದೆ ಮನೆ ಪಾಲಾಗಿ ನೀನೂ ಮೈದುನನೂ ರಾಮಗಿರಿಗೆ ಹೊರಟಾಗ, ಗಾಡಿ ಹತ್ತುತ್ತಾ ನೀನು ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ. ಈ ಮನೆಯಿಂದ ಹೊರಟ ಹೆಣ್ಣುಮಕ್ಕಳಿಗೆಲ್ಲ ಅತ್ತೆ ಸೇವಂತಿಗೆ ಬುಡದ ಮರಿಗಂದು ಕಿತ್ತು ಮಡಿಲಿಗೆ ಹಾಕಿದರು, ನಾನೊಬ್ಬಳು ಬೇಡವಾದೆನೇ ಎಂದು ಕಣ್ಣೊರೆಸಿಕೊಂಡೆ. ಅತ್ತೆ ಒಳಗೆ ಹಾಸಿಗೆ ಹಿಡಿದಿದ್ದರು. ನಾನು ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆ. ಹೋದ ವರ್ಷ ಅತ್ತೆ ತೀರಿಕೊಂಡಾಗ ಮಣ್ಣಿಗೆ ಬಂದವಳು ನನ್ನ ಜೊತೆ ಒಂದು ಮಾತೂ ಆಡದೆ ಹೋದೆ.

ನೀನು ಹೋದಮೇಲೆ ಅಂಗಳದ ಸೇವಂತಿಗೆಯೆಲ್ಲ ನನ್ನದೇ. ಒಬ್ಬರಿಗೂ ಒಂದು ಕಂದು ಕೊಡಲಿಲ್ಲ. ಕಿತ್ತರೆ ಹೂ ಕಮ್ಮಿಯಾಗುತ್ತದೆಂದು ಬುಡ ಮುಟ್ಟಲೂ ಇಲ್ಲ. ನನ್ನ ಬುದ್ಧಿವಂತಿಕೆ ನೋಡು! ಈ ದೀಪಾವಳಿಗೆ ಬಿಟ್ಟದ್ದು ಅಂಗಿ ಗುಂಡಿಯಷ್ಟು ಹೂ, ಪೂಜೆಗೂ ಸಾಲಲಿಲ್ಲ. ಬಬ್ಬೂರಿನ ಕೃಷಿ ಫಾರಂನಲ್ಲಿ ಕೆಲಸ ಮಾಡುವ ಜಂಬಣ್ಣನನ್ನು ಕರೆಸಿದೆ. ಬುಡ ಕೆದಕಿ ನಕ್ಕುಬಿಟ್ಟ. ನಡುವೆಲ್ಲ ಒಣಗೈತೆ ಕಣವ್ವಾ, ಸುತ್ತ ಎಳೇ ಕಂದು ಅವೆ, ವರ್ಷಾವರ್ಷ ಕಿತ್ತು ಬೇರೆ ಮಣ್ಣಿಗೆ ಇಡ್ರಿ, ಮಿಕ್ಕಿದ್ದು ಹಂಚ್ರಿ ಅಂದ. ಅತ್ತೆಯ ಕೈ ಬಹಳ ಧಾರಾಳ ಎಂದು ನಾನು ಗೊಣಗುತ್ತಿದ್ದೆನಲ್ಲ, ಅವರು ಹಾಗೆ ಹಂಚಿಯೇ ಗಿಡ ಉಳಿಸಿಕೊಂಡಿದ್ದರು.

ಹೋದ ವಾರ ಕೂತು ಅಷ್ಟನ್ನೂ ಅಗೆದೆ. ಒಣ ಬೊಡ್ಡೆ ಎಸೆದು, ಬೇರಿರುವ ಕಂದುಗಳನ್ನು ಒಂದೊಂದಾಗಿ ಬಿಡಿಸಿ, ಗೊಬ್ಬರ ಕಲಸಿದ ಹೊಸ ಪಾತಿಯಲ್ಲಿಟ್ಟೆ. ಪಕ್ಕದ ಮನೆಯ ಏಕನಾಥಮ್ಮನ ಮಡಿಲಿಗೂ ನಾಲ್ಕು ಹಾಕಿದೆ. ನನಗೆ ಜ್ವರ ಬಂದಿದೆಯೇನೋ ಎಂಬಂತೆ ನೋಡಿದಳು. ನಿನ್ನ ಭಾವನವರು ನನ್ನ ಮಣ್ಣು ಮೆತ್ತಿದ ಮುಖ ನೋಡಿ, ಈಗ ಥೇಟ್ ಅವ್ವನಂಗೇ ಕಾಣ್ತೀಯ ಎಂದು ನಕ್ಕರು. ಸೊಂಟ ಹಿಡಿದುಕೊಂಡಿದೆ, ಆದರೂ ಮನಸ್ಸಿಗೆ ಬಹಳ ಹಿತವಾಗಿದೆ.

ನಿನಗೆಂದು ಹನ್ನೊಂದು ಕಂದು ಹಸಿ ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ. ಅವು ಅಂಗಳದವಲ್ಲ, ಬಚ್ಚಲ ಹಿಂದಿನ ಬುಡದವು. ಯಾರ ಕೈಲಾದರೂ ಕಳಿಸಬಹುದಿತ್ತು. ಆದರೆ ಕೈಗೆ ಕೊಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲವಲ್ಲ, ಮಡಿಲಿಗೇ ಹಾಕಬೇಕು. ಬರುವ ಸೋಮವಾರ ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬರುತ್ತೇನೆ. ಸ್ಟೇಷನ್ನಿಗೆ ಬರಬೇಡ, ಬಾಗಿಲಲ್ಲಿ ನಿಂತು ಸೆರಗೊಡ್ಡಿದರೆ ಸಾಕು. ಒಡ್ಡದಿದ್ದರೆ ಹೊಸಿಲ ಮೇಲಿಟ್ಟು ಸಂಜೆ ರೈಲಿಗೆ ವಾಪಸ್ಸಾಗುತ್ತೇನೆ. ಊಟ ಮಾತ್ರ ಮಾಡಿಕೊಂಡೇ ಹೋಗುವವಳು. ನಿನ್ನ ಕೈಯ ಮುದ್ದೆ ತಿಂದು ಎರಡು ವರ್ಷವಾಯಿತು.

ಇತಿ,
ನಿನ್ನ ಪಾರ್ವತಕ್ಕ

ವಿ. ಸೂ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅತ್ತೆ ನಿನ್ನನ್ನು ಮರೆತಿರಲಿಲ್ಲ, ವೀರಾ. ನೀನು ಹೊರಡುವ ಬೆಳಿಗ್ಗೆ ನನ್ನ ಕೈಲಿ ಕಂದು ಕೀಳಿಸಿ, ನನಗೆ ಏಳಕ್ಕಾಗಲ್ಲ, ನೀನೇ ಅವಳ ಮಡಿಲಿಗೆ ಹಾಕು ಎಂದಿದ್ದರು. ಬೀಸುಕಲ್ಲು ನಿನ್ನ ಪಾಲಿಗೆ ಹೋಯಿತೆಂಬ ಸಿಟ್ಟಿಗೆ ಅದನ್ನು ಬಚ್ಚಲ ಹಿಂದೆ ನೆಟ್ಟುಬಿಟ್ಟೆ. ಸಾಯುವ ಮುಂಚೆ ಅತ್ತೆ, ವೀರಿಗೆ ಕೊಟ್ಟ ಗಿಡ ಹಿಡೀತಂತಾ ಎಂದು ಕೇಳಿದರು. ಹಿಡಿದಿದೆ ಅತ್ತೆ ಅಂದೆ. ಈ ವರ್ಷ ಅಂಗೈಯಗಲ ಹೂ ಬಿಟ್ಟದ್ದು ಅದೊಂದೇ. ನಿನಗೆ ತರುತ್ತಿರುವುದು ಅದನ್ನೇ.